ತೆಯೊಫಿಲ್ ಮೇಷ್ಟ್ರ ‘ಗೆಟ್’ ಪುರಾಣ

ಒಬ್ಬ ಮನುಷ್ಯ ತನ್ನ ಆಯುಷ್ಯದ ಮುಕ್ಕಾಲು ಪಾಲನ್ನು ಒಂದೇ ಒಂದು ಕ್ರಿಯಾಪದಕ್ಕೆ ಧಾರೆ ಎರೆದಿದ್ದಾನೆ ಎಂದಮೇಲೆ, ಊರಿನವರು ಅವನ ಪಾಠದ ನಡುವೆ ಬಾಯಿ ಮುಚ್ಚಿಕೊಂಡಾದರೂ ಆಕಳಿಸಬೇಕು. ರೊಮೇನಿಯಾದ ನಮ್ಮ ಪ್ರುನೇನಿ ಊರಿನ ಜನಕ್ಕೆ ಅಷ್ಟು ಸೌಜನ್ಯವೂ ಇಲ್ಲ ಎಂಬುದು ತೆಯೊಫಿಲ್ ಮೇಷ್ಟ್ರ ದೂರು. ದೂರು ನ್ಯಾಯವಾದದ್ದೇ. ಮಂಗಳವಾರದ ಸಂಜೆ ಸಭಾಭವನದಲ್ಲಿ ಆ ಆಕಳಿಕೆಗಳನ್ನು ಕೇಳಿದರೆ ಹೊರಗೆ ಕಟ್ಟಿದ ಕುದುರೆಗೂ ನಾಚಿಕೆಯಾಗಬೇಕು.

ಕೋಟೆಗೋಡೆಯ ನಮ್ಮ ಹಳೇ ಚರ್ಚನ್ನು ನೋಡಲು ಹೊರದೇಶದವರು ಬರತೊಡಗಿದ ಮೇಲೆ, ಖಾಲಿ ಕೋಣೆ ಇದ್ದವರೆಲ್ಲ ಅದನ್ನು ಬಾಡಿಗೆಗೆ ಕೊಡಲು ಶುರುಮಾಡಿದರು. ಬಂದವರ ಜೊತೆ ಮಾತಾಡಲು ಭಾಷೆ ಬೇಕಲ್ಲ? ಅದಕ್ಕೇ ಊರಾಡಳಿತ ಒಂದು ಇಂಗ್ಲಿಷ್ ತರಗತಿ ತೆರೆದು, ಪ್ರೌಢಶಾಲೆಯಿಂದ ನಿವೃತ್ತರಾಗಿ ಮನೆಯಲ್ಲಿದ್ದ ತೆಯೊಫಿಲ್ ಮೇಷ್ಟ್ರಿಗೆ ಒಪ್ಪಿಸಿತು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅವರು ಒಳಗೆ ಬಂದರೆ ಜನ ಎದ್ದು ನಿಲ್ಲುವ ಜಾಗ ಭೂಮಿಯ ಮೇಲೆ ಅದೊಂದೇ ಉಳಿದಿತ್ತು. (ಮನೆಯಲ್ಲಿ ಅವರ ಕುರ್ಚಿಯ ಮೇಲೆ ಮಲಗುವ ಬೆಕ್ಕು ಕೂಡ ಏಳುತ್ತಿರಲಿಲ್ಲ. ಮೇಷ್ಟ್ರೇ ಸ್ಟೂಲಿನ ಮೇಲೆ ಕೂರುತ್ತಿದ್ದರು.)

ಮೇಷ್ಟ್ರು ಮೊದಲ ದಿನ ಹಲಗೆಯ ಮೇಲೆ ‘ಗೆಟ್’ ಎಂದು ಬರೆದರು. ಹಿಮ ಬಿದ್ದು, ಕರಗಿ, ಪ್ಲಮ್ ಮರಗಳು ಹೂ ಬಿಟ್ಟರೂ ಹಲಗೆಯ ಮೇಲೆ ಅದೇ ಇತ್ತು. ಅವರ ವಾದ ಇಷ್ಟು: ನಮ್ಮ ರೊಮೇನಿಯನ್ ಭಾಷೆಯಲ್ಲಿ ಕಾಗದ ಸಿಕ್ಕರೆ ಒಂದು ಮಾತು, ವಯಸ್ಸಾದರೆ ಒಂದು ಮಾತು, ತಮಾಷೆ ಅರ್ಥವಾದರೆ ಇನ್ನೊಂದು, ಬಸ್ಸು ಹತ್ತಿದರೆ ಮತ್ತೊಂದು. ಒಂದೊಂದು ಕೆಲಸಕ್ಕೂ ಅದರದೇ ಮಾತು, ಮರ್ಯಾದಸ್ಥರ ಮನೆಯಲ್ಲಿ ಒಬ್ಬೊಬ್ಬರಿಗೂ ಅವರದೇ ಚಮಚ ಇದ್ದಂತೆ. ಈ ಇಂಗ್ಲಿಷರೋ, ಸಿಗುವುದು, ಆಗುವುದು, ತಲುಪುವುದು, ತಿಳಿಯುವುದು, ಏಳುವುದು, ಇಳಿಯುವುದು, ಎಲ್ಲವನ್ನೂ ಒಂದೇ ಕತ್ತೆಯ ಮೇಲೆ ಹೇರಿ ಬಿಟ್ಟಿದ್ದಾರೆ. ಆ ಕತ್ತೆಯನ್ನು ಪಳಗಿಸದೆ ಇಂಗ್ಲಿಷಿನ ಹೊಸಿಲು ದಾಟುವುದು ಹೇಗೆ?

ಹೊಸಿಲು ದಾಟದೆಯೇ ಜನ ಬೇಸತ್ತರು. ಮೂರು ಕೋಣೆ ಬಾಡಿಗೆಗೆ ಕೊಡುವ ಲೆಯೊಂತೀನಾ ಎಂಬಾಕೆಗೆ ಬೇಕಿದ್ದದ್ದು ಒಂದೇ ವಾಕ್ಯ, ಬಿಸಿನೀರು ಮುಗಿದಿದೆ ಎನ್ನುವುದಕ್ಕೆ. ಅದನ್ನು ಕೇಳಿದಾಗಲೆಲ್ಲ ಮೇಷ್ಟ್ರು, ಅದು ಗೆಟ್‌ನ ಏಳನೆಯ ಕೊಂಬೆಯಲ್ಲಿ ಬರುತ್ತದೆ, ನಾವಿನ್ನೂ ಬೇರಿನಲ್ಲಿದ್ದೇವೆ ಎನ್ನುತ್ತಿದ್ದರು. ಕೊನೆಗೆ ಆಕೆ ಮೇಯರ್ ಗ್ರಿಗೋರೆ ಅವರ ಹತ್ತಿರ ಹೋಗಿ, ಮೇಷ್ಟ್ರ ಎದುರುಮನೆಯನ್ನು ಕೊಂಡು ಸಾಕ್ಷಾತ್ ಇಂಗ್ಲಿಷರೇ ಬಂದು ಕೂತಿರುವಾಗ ಇವರು ನಮಗೆ ಯಾಕೆ ಎಂದು ಕೇಳಿಬಿಟ್ಟಳು. ಇನ್ನೂ ನಾಲ್ಕು ಜನ ಆಕೆಯ ಹಿಂದೆ ನಿಂತು ತಲೆ ಆಡಿಸಿದರು. ಬರುವ ಚಳಿಗಾಲದ ತರಗತಿ ಯಾರಿಗೆಂದು ಮೇಯರ್ ತೀರ್ಮಾನಿಸಬೇಕಾಯಿತು. ಮೇಯರ್ ಮೇಷ್ಟ್ರ ಹಳೇ ಶಿಷ್ಯ, ಒಳ್ಳೆಯ ಮನುಷ್ಯ, ಗುರುವಿನ ಹೊಟ್ಟೆಗೆ ಹೊಡೆಯುವ ಜಾತಿಯಲ್ಲ. ನೋಡೋಣ ಎಂದರು.

ಆ ‘ನೋಡೋಣ’ ಮೇಷ್ಟ್ರ ಕಿವಿಗೆ ಬಿತ್ತು. ಅವರು ಅಡುಗೆಮನೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದರು. ಇಂಗ್ಲಿಷರಂತೆ, ಇಂಗ್ಲಿಷರು. ಹುಟ್ಟಿನಿಂದ ಬಂದ ಭಾಷೆಯನ್ನು ಮಾತಾಡುವುದರಲ್ಲಿ ಏನು ಹೆಚ್ಚುಗಾರಿಕೆ? ಕಮ್ಯುನಿಸ್ಟರ ಆಳ್ವಿಕೆಯಲ್ಲಿ, ಪಾಸ್‌ಪೋರ್ಟ್ ಎಂಬುದು ಪೊಲೀಸರ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದ ಕಾಲದಲ್ಲಿ, ಒಬ್ಬ ಇಂಗ್ಲಿಷನ ಮುಖವನ್ನೂ ನೋಡದೆ ಇಂಗ್ಲಿಷ್ ಕಲಿತವರು ದೊಡ್ಡವರೋ, ತಾಯಿಯ ಹಾಲಿನ ಜೊತೆ ಪುಕ್ಕಟೆ ಕುಡಿದವರು ದೊಡ್ಡವರೋ?

“ಹಾಗಾದ್ರೆ ಹೋಗಿ ಅವರ ಹತ್ರ ಒಂದು ಮಾತಾಡಿ,” ಎಂದಳು ಹೆಂಡತಿ ವೆತೂರಿಯಾ, ಈರುಳ್ಳಿ ಹೆಚ್ಚುತ್ತಾ. “ಬಂದು ಎಷ್ಟು ದಿನ ಆಯ್ತು. ಆ ಮನುಷ್ಯ ಬೇಲಿ ಹತ್ರ ಬಂದ್ರೆ ನೀವು ಕೋಳಿಗೂಡಿಗೆ ಹೋಗಿ ಅವಿತ್ಕೋತೀರಿ.”

“ಅವಿತ್ಕೊಳ್ಳೋದಲ್ಲ ಕಣೆ. ಮೊದಲ ಮಾತುಕತೆ ಅಂದ್ರೆ ಅದಕ್ಕೊಂದು ಸಂದರ್ಭ ಬೇಕು. ಚಪ್ಪಲಿ ಹಾಕ್ಕೊಂಡು, ಕೈಲಿ ಮೊಟ್ಟೆ ಹಿಡ್ಕೊಂಡು ಶುರು ಮಾಡೋ ವಿಷಯವಾ ಅದು?”

ಸಂದರ್ಭ ತಾನಾಗಿ ಒದಗಿತು. ಎದುರುಮನೆಯ ಡೆಸ್ಮಂಡ್ ಮತ್ತು ಹಿಲರಿ ದಂಪತಿ ಭಾನುವಾರದ ಊಟಕ್ಕೆ ಕರೆದರು. ಮೇಷ್ಟ್ರು ಆ ಕ್ಷಣದಿಂದ ಯುದ್ಧಸನ್ನದ್ಧರಾದರು. ಮೊದಲ ಕೆಲಸವೆಂದರೆ ಹೆಂಡತಿಗೆ ಗೆಟ್ ಕಲಿಸುವುದು. ಆಕೆ ಹಿಟ್ಟು ನಾದುವಾಗ, ಬಟ್ಟೆ ಒಣಗಿಹಾಕುವಾಗ, ಹಂದಿಗೆ ಮೇವು ಹಾಕುವಾಗ ಬೆನ್ನ ಹಿಂದೆ ನಿಂತು ಒಂದೊಂದೇ ಅರ್ಥ ಒಪ್ಪಿಸಿದರು. ಹಂದಿ ಹೆಚ್ಚು ಗಮನವಿಟ್ಟು ಕೇಳಿತೆಂದು ನಮ್ಮೂರಲ್ಲಿ ಹೇಳುತ್ತಾರೆ.

“ನಾನೇನು ನಿನ್ನ ಬಾಯಿ ತೆರೀಬೇಡ ಅಂತಿಲ್ಲ,” ಎಂದರು ಮೇಷ್ಟ್ರು. “ತೆರೆದ್ರೆ ನನ್ನ ಮಾನ ಉಳಿಯೋ ಹಾಗೆ ತೆರಿ ಅಂತಿದೀನಿ.”

“ಊಟಕ್ಕೆ ಕರೆದಿದಾರೆ ರೀ. ಬಾಯಿ ಊಟಕ್ಕೇ ತೆರಿಯೋದು.”

ಈ ಮಾತನ್ನು ಮೇಷ್ಟ್ರು ಉಪೇಕ್ಷಿಸಿದರು. ಇಂಥ ಉಡಾಫೆಯವರ ಜೊತೆ ಬಾಳಿದ್ದಕ್ಕೇ ತಾನು ಇನ್ನೂ ವಿಶ್ವವಿಖ್ಯಾತನಾಗಲಿಲ್ಲ ಎಂದುಕೊಂಡು ಕೋಟಿಗೆ ಬ್ರಶ್ ಹಾಕಿದರು.

ಭಾನುವಾರ ಬಂತು. ಐದು ಗುಲಾಬಿ ಹಿಡಿದು (ಜೋಡಿ ಲೆಕ್ಕದ ಹೂವನ್ನು ನಾವು ಸತ್ತವರಿಗೆ ಮಾತ್ರ ಒಯ್ಯುವುದು) ಇಬ್ಬರೂ ರಸ್ತೆ ದಾಟಿದರು. ದೊಡ್ಡ ಊಟ ಎಂದು ಮೇಷ್ಟ್ರು ಬೆಳಗಿನಿಂದ ಒಂದು ಲೋಟ ಚಹಾ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಬಾಗಿಲು ತೆರೆದದ್ದೇ ಬೆಂದ ಕುರಿಮರಿಯ ತೊಡೆಯ ವಾಸನೆ ಬಂದು ಮೂಗಿಗೆ ಬಡಿಯಿತು. ಸುತ್ತಲೂ ತುಪ್ಪದಲ್ಲಿ ಕೆಂಪಗೆ ಹುರಿದ ಆಲೂಗಡ್ಡೆ. ಮೇಷ್ಟ್ರ ಬಾಯಲ್ಲಿ ನೀರೂರಿತು, ಆದರೆ ನಾಲಿಗೆ ಕೈಬಿಡಲಿಲ್ಲ. ಹವೆಯ ಬಗ್ಗೆ, ರಸ್ತೆಯ ಬಗ್ಗೆ, ಛಾವಣಿಯ ಹೆಂಚಿನ ಬಗ್ಗೆ ಗೆಟ್ ಮೇಲೆ ಗೆಟ್ ಪೋಣಿಸಿ ಮಾತಾಡಿದರು. ಆಶ್ಚರ್ಯವೆಂದರೆ ಇಂಗ್ಲಿಷರಿಗೆ ಎಲ್ಲವೂ ಅರ್ಥವಾಯಿತು. ಡೆಸ್ಮಂಡ್ ಮೆಚ್ಚಿ ತಲೆದೂಗಿದ. ಮೇಷ್ಟ್ರ ಎದೆ ಉಬ್ಬಿ ಕೋಟಿನ ಗುಂಡಿ ಬಿಗಿಯಿತು.

ಆಗ ಹಿಲರಿ ಮಾಂಸದ ತಟ್ಟೆ ಎತ್ತಿಕೊಂಡು, ಬಡಿಸಲೇ ಎಂದು ಕೇಳಿದಳು.

ನಮ್ಮ ಕಡೆ ಹೀಗೆ ಕೇಳಿದಾಗ ಏನು ಮಾಡಬೇಕೆಂಬುದು ಎದೆಹಾಲು ಬಿಟ್ಟ ಮಗುವಿಗೂ ಗೊತ್ತು. ಮೊದಲು ಎದೆಯ ಮೇಲೆ ಕೈಯಿಟ್ಟು ಬೇಡ ಎನ್ನಬೇಕು, ಈಗಷ್ಟೇ ಉಂಡು ಬಂದೆವೆನ್ನಬೇಕು. ಮನೆಯವರು ಒತ್ತಾಯ ಮಾಡಬೇಕು. ಆಗ ಇನ್ನೊಮ್ಮೆ ಬೇಡ ಎನ್ನಬೇಕು, ಈ ಸಲ ಸ್ವಲ್ಪ ಮೆತ್ತಗೆ, ಮುಖವನ್ನು ಒಂದಿಷ್ಟು ಆಚೆ ತಿರುಗಿಸಿ. ಮನೆಯವರು ನೊಂದವರಂತೆ ಮತ್ತೂ ಒತ್ತಾಯ ಮಾಡಬೇಕು. ಆಮೇಲೆ ನಿಟ್ಟುಸಿರು ಬಿಟ್ಟು, ನಿಮ್ಮ ಮನಸ್ಸು ನೋಯಬಾರದಲ್ಲ ಎಂದು ತಟ್ಟೆ ಮುಂದೆ ಮಾಡಿ, ಮೂರು ಆಳಿನ ಊಟ ಹೊಡೆಯಬೇಕು. ಇದರಲ್ಲಿ ಸುಳ್ಳೂ ಇಲ್ಲ, ಮೋಸವೂ ಇಲ್ಲ, ಬರೀ ಮರ್ಯಾದೆ. ಕೇಳಿದ ಕೂಡಲೆ ತಟ್ಟೆ ಒಡ್ಡುವವನನ್ನು ನಾವು ಬರಗೆಟ್ಟವನು ಎನ್ನುತ್ತೇವೆ. (ಪ್ಲಮ್ ಹಣ್ಣಿನಿಂದ ಬಟ್ಟಿ ಇಳಿಸಿದ ಪಾಲಿಂಕಾಕ್ಕೆ ಮಾತ್ರ ಈ ಶಾಸ್ತ್ರ ಅನ್ವಯಿಸದು. ಅದನ್ನು ಪಾದ್ರಿಗಳೂ ಮೊದಲ ಸಲವೇ ತೆಗೆದುಕೊಳ್ಳುತ್ತಾರೆ.)

ಆದ್ದರಿಂದ ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟು, ವಾರವಿಡೀ ತಿದ್ದಿ ತೀಡಿದ್ದ ವಾಕ್ಯವನ್ನು ಬಿಟ್ಟರು. ತಾವು ಈಗಷ್ಟೇ ಊಟ ಮುಗಿಸಿ ಬಂದಿರುವುದಾಗಿಯೂ, ಇನ್ನೊಂದು ತುತ್ತನ್ನು ಗಂಟಲಿನಿಂದ ಕೆಳಗೆ ಇಳಿಸಲು ಸಾಧ್ಯವೇ ಇಲ್ಲವೆಂದೂ ಅದರ ತಾತ್ಪರ್ಯ. ಅದರಲ್ಲಿ ಗೆಟ್ ಎರಡು ಕಡೆ, ಎರಡು ಬೇರೆ ಬೇರೆ ಅರ್ಥದಲ್ಲಿ ಬರುತ್ತಿತ್ತು. ಉಚ್ಚಾರಣೆ ನಿರ್ದುಷ್ಟವಾಗಿತ್ತು.

ಹಿಲರಿಗೆ ಪ್ರತಿಯೊಂದು ಅಕ್ಷರವೂ ಅರ್ಥವಾಯಿತು. ಓ, ಸರಿ ಎಂದು ಮುಗುಳ್ನಕ್ಕು ತಟ್ಟೆಯನ್ನು ಮುಂದೆ ಒಯ್ದಳು.

ಮೇಷ್ಟ್ರು ಕೈಯನ್ನು ಎದೆಯ ಮೇಲಿಂದ ತೆಗೆಯದೆ ಕಾದರು. ಒತ್ತಾಯ ಬರಲಿಲ್ಲ. ತಟ್ಟೆ ವೆತೂರಿಯಾಳ ಹತ್ತಿರ ಹೋಯಿತು. ಆಕೆಯೂ ಸಂಪ್ರದಾಯಸ್ಥೆಯೇ, ಎದೆ ಮುಟ್ಟಿ ರೊಮೇನಿಯನ್ನಿನಲ್ಲಿ ಬೇಡವೇ ಬೇಡ ಎಂದಳು. ಹಿಲರಿಗೆ ಆಗ ನಮ್ಮ ಭಾಷೆ ನಮಸ್ಕಾರದಿಂದ ಮುಂದೆ ಹೋಗಿರಲಿಲ್ಲ. ಎದೆ ಮುಟ್ಟಿದ್ದನ್ನು ಕೃತಜ್ಞತೆ ಎಂದುಕೊಂಡು ಎರಡು ತುಂಡು ಹಾಕಿದಳು. ವೆತೂರಿಯಾ ಇನ್ನೂ ಜೋರಾಗಿ ಬೇಡ ಎಂದಳು. ಇಷ್ಟೊಂದು ಸಂತೋಷಪಟ್ಟವಳಿಗೆ ಕಡಿಮೆಯಾಯಿತೇನೋ ಎಂದು ಹಿಲರಿ ಇನ್ನೊಂದು ತುಂಡು, ಐದಾರು ಆಲೂಗಡ್ಡೆ, ಅದರ ಮೇಲೆ ಸಾರು ಸುರಿದಳು. ವೆತೂರಿಯಾ ನಿಟ್ಟುಸಿರು ಬಿಟ್ಟು ಚಾಕು ಎತ್ತಿಕೊಂಡಳು.

ಅನ್ಯಾಯ ಎಂದರೆ ಇದು. ಒಂದಕ್ಷರ ಬಾರದವಳ ತಟ್ಟೆ ತುಂಬಿತು, ಎಲ್ಲ ಬಲ್ಲವರ ತಟ್ಟೆಯಲ್ಲಿ ಕಿಟಕಿಯ ಪ್ರತಿಬಿಂಬ ಕಾಣುತ್ತಿತ್ತು. ಸೇಬಿನ ಸಿಹಿ ಬಂದಾಗ ಮೇಷ್ಟ್ರು ಶಾಸ್ತ್ರವನ್ನು ಗಾಳಿಗೆ ತೂರಿ, ಕೇಳಿದ ತಕ್ಷಣ ಹೂಂ ಎನ್ನಲು ತುದಿಗಾಲಲ್ಲಿ ಕೂತರು. ಹಿಲರಿ ಕೇಳಲೇ ಇಲ್ಲ. ಪಾಪ, ಹೊಟ್ಟೆ ತುಂಬಿದೆ ಎಂದವರನ್ನು ಪೀಡಿಸುವ ಹೆಂಗಸಲ್ಲ ಆಕೆ. ಅವರ ಮುಂದೆ ಒಂದು ಲೋಟ ನೀರಿಟ್ಟಳು.

ಮೇಷ್ಟ್ರು ಸರಸರನೆ ರಸ್ತೆ ದಾಟಿದರು. ಮನೆಗೆ ಬಂದು ಬ್ರೆಡ್ಡು, ಹಂದಿಕೊಬ್ಬು, ಹಸಿ ಈರುಳ್ಳಿ ಎದುರಿಗಿಟ್ಟುಕೊಂಡ ಮೇಲೆ ಸಿಟ್ಟು ಹೊರಗೆ ಬಂತು. ನಲವತ್ತು ವರ್ಷ ಅವರ ಭಾಷೆ ಕಲಿತದ್ದು ಒಬ್ಬ ಇಂಗ್ಲಿಷನಿಗಾದರೂ ಅರ್ಥವಾಗಲಿ ಎಂದು. ಮೊದಲ ಸಲ ಅರ್ಥವಾಯಿತು, ಉಪವಾಸ ಕೂರಿಸಿದರು.

“ಕುರಿಮರಿ ತುಂಬಾ ಮೆತ್ತಗಿತ್ತು,” ಎಂದಳು ವೆತೂರಿಯಾ. “ಮೇಲೆ ಏನೋ ಪುದೀನ ಹಾಕಿದ್ರು. ಮೊದಲು ಅನುಮಾನ ಬಂತು. ಆಮೇಲೆ ಒಗ್ಗಿಹೋಯ್ತು.”

“ನಿನ್ನನ್ನ ಯಾರಾದ್ರೂ ಕೇಳಿದ್ರಾ?”

“ಕೇಳ್ಲಿಲ್ಲ. ಹಸಿದವರಿಗೆ ತಿಳಿಸೋಣ ಅಂತ ಹೇಳ್ದೆ.”

ಸೋಲನ್ನು ಸೋಲೆಂದು ಒಪ್ಪಿಕೊಂಡರೆ ಅವರು ಪಂಡಿತರಾಗುವುದು ಹೇಗೆ? ಸೋಮವಾರದ ಹೊತ್ತಿಗೆ ಮೇಷ್ಟ್ರ ಹಸಿವು ಒಂದು ಸಿದ್ಧಾಂತವಾಗಿ ಪರಿವರ್ತನೆ ಹೊಂದಿತ್ತು. ಮಂಗಳವಾರ ಸಭಾಭವನದಲ್ಲಿ, ಯಾವ ವ್ಯಾಕರಣದಲ್ಲೂ ಬರೆದಿರದ ರಹಸ್ಯವನ್ನು ಹೇಳುತ್ತೇನೆಂದು ಗಂಟಲು ಸರಿಪಡಿಸಿಕೊಂಡರು. ಇಂಗ್ಲಿಷನ ಬೇಡ ಬೇಡವೇ, ಬೇಕು ಬೇಕೇ. ಗೆಟ್ ಎಂದರೆ ಪಡೆಯುವುದು, ಪಡೆಯಲಾರೆ ಎಂದವನಿಗೆ ಪಡೆಯುವ ಹಕ್ಕಿಲ್ಲ. ಅವರಿಗೆ ಒತ್ತಾಯ ಮಾಡುವುದು ಕೆನ್ನೆಗೆ ಹೊಡೆದಂತೆ, ಎರಡನೆಯ ಸಲ ಕೇಳುವವನು ಕಾಡುಮನುಷ್ಯ. ಲೆಯೊಂತೀನಾ ಕೈ ಎತ್ತಿ, ಹಾಗಾದರೆ ಬಿಸಿನೀರು ಬೇಕೇ ಎಂದೂ ಒಂದೇ ಸಲ ಕೇಳಬೇಕೋ ಎಂದಳು. ಅದು ಏಳನೆಯ ಕೊಂಬೆ ಎಂದರು ಮೇಷ್ಟ್ರು.

ಮುಂದಿನ ಯೋಜನೆಯೂ ಆಗ ಹೊಳೆಯಿತು. ಡೆಸ್ಮಂಡ್ ದಂಪತಿಯನ್ನು ಊಟಕ್ಕೆ ಕರೆಯುವುದು, ಜೊತೆಗೆ ಮೇಯರ್ ಗ್ರಿಗೋರೆಯವರನ್ನೂ ಕರೆಯುವುದು. ತಾನು ಇಂಗ್ಲಿಷರನ್ನು ಇಂಗ್ಲಿಷರಂತೆ ಸತ್ಕರಿಸುವುದನ್ನು ಮೇಯರ್ ಕಣ್ಣಾರೆ ಕಂಡರೆ ಲೆಯೊಂತೀನಾಳಂಥ ನೂರು ಜನ ಬಂದರೂ ತರಗತಿ ಅಲುಗಾಡದು. ಮೇಯರ್ ಒಪ್ಪಿದರು. ವೆತೂರಿಯಾಳ ಸರ್ಮಾಲೆಗೆ ಯಾರು ಒಪ್ಪುವುದಿಲ್ಲ? ಹುಳಿ ಎಲೆಕೋಸಿನಲ್ಲಿ ಸುತ್ತಿದ ಆ ಮಾಂಸದ ಸುರುಳಿಗಳಿಗಾಗಿ ನಮ್ಮೂರಲ್ಲಿ ಮುನಿದ ಅಣ್ಣತಮ್ಮಂದಿರು ಒಂದಾಗಿದ್ದಾರೆ.

ಇತ್ತ ಬೇಲಿಯ ಬಳಿ ಬೇರೆಯದೇ ಪಾಠ ನಡೆಯುತ್ತಿತ್ತು. ಆ ಊಟದ ನಂತರ ನಮ್ಮ ಭಾಷೆಯನ್ನು ಚುರುಕಾಗಿ ಕಲಿಯತೊಡಗಿದ್ದ ಹಿಲರಿ, ನಿನ್ನ ಗಂಡನಿಗೆ ಹೊಟ್ಟೆನೋವೇ, ಏನೂ ತಿನ್ನಲಿಲ್ಲವಲ್ಲ ಎಂದು ವೆತೂರಿಯಾಳನ್ನು ಕೇಳಿದಳು. ವೆತೂರಿಯಾ ಬಕೆಟ್ಟು ಕೆಳಗಿಟ್ಟು ಶಾಸ್ತ್ರವನ್ನೆಲ್ಲ ಅಭಿನಯಿಸಿ ತೋರಿಸಿದಳು. ಎದೆಯ ಮೇಲೆ ಕೈ, ಬೇಡ, ಮುಖ ಆಚೆ, ಬೇಡ, ನಿಟ್ಟುಸಿರು, ತಟ್ಟೆ. ಹಿಲರಿಯ ಮುಖ ಕೆಂಪಾಯಿತು. ಮನೆಗೆ ಬಂದ ಗೌರವಸ್ಥರನ್ನು ಉಪವಾಸ ಕಳಿಸಿದೆನಲ್ಲ ಎಂದು ಆಕೆ ಗಂಡನಿಗೆ ಹೇಳಿದಳು. ಮೇಷ್ಟ್ರ ಮನೆಯ ಊಟಕ್ಕೆ ಹೋದಾಗ ಈ ನೆಲದ ಮರ್ಯಾದೆಯಂತೆಯೇ ನಡೆಯಬೇಕೆಂದು ಇಬ್ಬರೂ ನಿಶ್ಚಯಿಸಿ, ಕನ್ನಡಿಯ ಮುಂದೆ ನಿಂತು ಬೇಡ ಎನ್ನುವುದನ್ನು ಅಭ್ಯಾಸ ಮಾಡಿದರು.

ವೆತೂರಿಯಾ ಇದನ್ನು ಗಂಡನಿಗೆ ಹೇಳಲು ಬಂದಳು. ಗಂಡ ನೆಲದ ಮೇಲೆ ಮಂಡಿಯೂರಿ, ಆಕೆಯ ತವರಿನ ಕಸೂತಿ ಅಂಚಿನ ಹಾಸುವಸ್ತ್ರದ ಮೇಲೆ ಗೆಟ್ ವೃಕ್ಷ ಬಿಡಿಸುತ್ತಿದ್ದರು. ಬೇರು, ಬೊಡ್ಡೆ, ಕೊಂಬೆಗೊಂದು ಅರ್ಥ. ಊಟದ ಮೇಜಿನ ಹಿಂದಿನ ಗೋಡೆಗೆ ತೂಗುಹಾಕಲು.

“ನನ್ನ ಹಾಸುವಸ್ತ್ರ,” ಎಂದಳು ವೆತೂರಿಯಾ.

“ಅಡ್ಡ ಬರಬೇಡ. ಬಣ್ಣ ಹಸಿಯಾಗಿದೆ.”

“ಹಿಲರಿ ಬಗ್ಗೆ ಒಂದು ವಿಷಯ ಹೇಳ್ಬೇಕಿತ್ತು.”

“ಇಂಗ್ಲಿಷರ ವಿಷಯ ನನಗೆ ನೀನು ಹೇಳ್ತೀಯಾ? ಆ ದಿನ ಮೇಜಿನ ಹತ್ರ ನೀನು ಬಡಿಸೋದಷ್ಟೇ. ಮಾತು ನಂದು. ಒತ್ತಾಯಗಿತ್ತಾಯ ಮಾಡಿದ್ಯೋ, ನನ್ನ ತರಗತಿ ನೀರಲ್ಲಿ ಹೋಯ್ತು ಅಂತ ತಿಳ್ಕೋ.”

ವೆತೂರಿಯಾ ಹಾಸುವಸ್ತ್ರವನ್ನು ನೋಡಿದಳು, ಗಂಡನನ್ನು ನೋಡಿದಳು. ಸರಿ, ನಿಮ್ಮ ಮನೆ, ನಿಮ್ಮ ಇಂಗ್ಲಿಷು ಎಂದು ಒಳಗೆ ಹೋದಳು.

ಊಟದ ದಿನ ಮನೆಯಿಡೀ ಘಮಘಮ. ಒಲೆಯ ಮೇಲೆ ಮಾಂಸದುಂಡೆಯ ಹುಳಿ ಸೂಪು, ಪಕ್ಕದಲ್ಲಿ ದೊಡ್ಡ ಮಣ್ಣಿನ ಮಡಕೆಯಲ್ಲಿ ಸರ್ಮಾಲೆ, ಮೆಕ್ಕೆಜೋಳದ ಮುದ್ದೆ, ಗಟ್ಟಿ ಹುಳಿಕೆನೆ. ಮೇಯರ್ ಬೆಳಗಿನ ತಿಂಡಿಯನ್ನೂ ಬಿಟ್ಟು ಬಂದಿದ್ದರು. ಡೆಸ್ಮಂಡ್ ಬಾಗಿಲಲ್ಲೇ ವೆತೂರಿಯಾಳ ಕೈಗೆ ಮುತ್ತಿಟ್ಟು, ರೊಮೇನಿಯನ್ನಿನಲ್ಲಿ ವಂದಿಸಿ ಮೇಯರಿಗೆ ಭೇಷ್ ಎನಿಸಿಕೊಂಡ. ಪಾಲಿಂಕಾ ಒಂದು ಸುತ್ತು ಹೋಯಿತು. ಗೆಟ್ ವೃಕ್ಷದ ಕೆಳಗೆ ಮೇಷ್ಟ್ರು ಬುದ್ಧಿವಂತ ಗೂಬೆಯಂತೆ ಕೂತಿದ್ದರು.

ವೆತೂರಿಯಾ ಸೂಪಿನ ಪಾತ್ರೆ ತಂದು ಹಿಲರಿಯ ಪಕ್ಕ ನಿಂತಳು. ಹಿಲರಿ ಎದೆಯ ಮೇಲೆ ಕೈಯಿಟ್ಟು, ಕಣ್ಣು ತಗ್ಗಿಸಿ, ಅಚ್ಚ ರೊಮೇನಿಯನ್ನಿನಲ್ಲಿ, ಬೇಡ, ನಾವು ಈಗಷ್ಟೇ ಉಂಡು ಬಂದೆವು ಎಂದಳು. ಡೆಸ್ಮಂಡನೂ ಹಾಗೇ ಎಂದ. ಎಷ್ಟು ಚೆನ್ನಾಗಿ ಎಂದರೆ, ನಮ್ಮೂರಿನ ಪಾದ್ರಿಗಳ ಹೆಂಡತಿಯೂ ಅಷ್ಟು ಚೆನ್ನಾಗಿ ಎನ್ನಲಾರರು.

ಮೇಷ್ಟ್ರು ಮೇಯರ್ ಕಡೆ ತಿರುಗಿ ಹುಬ್ಬು ಹಾರಿಸಿದರು. ನೋಡಿದಿರಾ, ಇಂಗ್ಲಿಷರ ಬೇಡ ಎಂದರೆ ಹೀಗಿರುತ್ತದೆ ಎಂಬಂತೆ. ಹೆಂಡತಿಗೆ ಪಾತ್ರೆ ಒಯ್ಯಲು ಸನ್ನೆ ಮಾಡಿದರು. ವೆತೂರಿಯಾ ಅಲ್ಲೇ ನಿಂತಳು. ಮೇಷ್ಟ್ರು ಇನ್ನೊಮ್ಮೆ ಸನ್ನೆ ಮಾಡಿದರು, ಈ ಸಲ ಹಲ್ಲು ಕಚ್ಚಿ. ಆಕೆ ಪಾತ್ರೆಯನ್ನು ಮೇಯರ್ ಹತ್ತಿರ ತಂದಳು. ಮೇಯರ್, ಹುಟ್ಟಿದಂದಿನಿಂದ ಮಾಡಿಕೊಂಡು ಬಂದಂತೆ, ಎದೆ ಮುಟ್ಟಿಕೊಂಡು ಬೇಡಮ್ಮ, ಹೊಟ್ಟೆ ಭರ್ತಿಯಾಗಿದೆ ಎಂದು, ಚಮಚವನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡರು.

ಇಲ್ಲಿ ಮೇಷ್ಟ್ರಿಗೆ ಧರ್ಮಸಂಕಟ ಬಂತು. ಮೇಯರನ್ನು ಒತ್ತಾಯ ಮಾಡಿದರೆ ಇಂಗ್ಲಿಷರ ಎದುರು ಕಾಡುಜನರಾಗುತ್ತೇವೆ. ಸಿದ್ಧಾಂತವನ್ನು ಅರ್ಧಕ್ಕೆ ಬಿಟ್ಟರೆ ಅದು ಸಿದ್ಧಾಂತವೇ ಅಲ್ಲ. ಅವರು ಮೇಯರ್ ಕಿವಿಯ ಹತ್ತಿರ ಬಾಗಿದರು.

“ತಪ್ಪು ತಿಳೀಬೇಡಿ ಗ್ರಿಗೋರೆ. ಇವತ್ತು ಇಲ್ಲಿ ಇಂಗ್ಲಿಷ್ ಪದ್ಧತಿ. ಬೇಡ ಅಂದ್ರೆ ಬೇಡ. ಎರಡನೇ ಸಲ ಕೇಳೋ ಹಾಗಿಲ್ಲ.”

“ಹೌದಾ?” ಎಂದರು ಮೇಯರ್, ಹಿಂದಕ್ಕೆ ಹೋಗುತ್ತಿದ್ದ ಪಾತ್ರೆಯನ್ನೇ ನೋಡುತ್ತಾ.

ಸರ್ಮಾಲೆಯ ಮಡಕೆಯೂ ಹಾಗೇ ಬಂದು ಹಾಗೇ ಹೋಯಿತು. ಮುಚ್ಚಳ ತೆಗೆದಾಗ ಎದ್ದ ಹಬೆ ಮೂವರ ಮುಖವನ್ನೂ ಸವರಿತು. ಮೇಯರ್ ಆಸೆಯಿಂದ ಕಾದು, ಇನ್ನೊಂದು ಬೇಡವನ್ನು ತಡೆಯಲಾಗದೆ ಆಡಿಬಿಟ್ಟರು. ಬಾಯಿ ತಾನಾಗಿ ಆಡಿತು. ಹಿಲರಿ ಎರಡನೆಯ ಬೇಡವನ್ನು, ಮುಖ ಆಚೆ ತಿರುಗಿಸಿ, ಸೊಗಸಾಗಿ ಒಪ್ಪಿಸಿದಳು, ಆಮೇಲೆ ಯಾವುದೋ ಘಟ್ಟ ತಪ್ಪಿಹೋಯಿತೇ ಎಂದು ಗಂಡನ ಮುಖ ನೋಡಿದಳು. ಮಡಕೆಯನ್ನು ಒಲೆಯ ಮೇಲಿಟ್ಟು ಬಂದ ವೆತೂರಿಯಾ ಬಾಗಿಲ ಚೌಕಟ್ಟಿಗೆ ಒರಗಿ ಕೈಕಟ್ಟಿ ನಿಂತಳು.

“ರೀ, ಆ ಮನುಷ್ಯ ಮಡಕೆ ಹೋದ ದಾರೀನೇ ನೋಡ್ತಿದಾನೆ,” ಎಂದಳು ಮೆತ್ತಗೆ, ಡೆಸ್ಮಂಡ್ ಕಡೆ ಕಣ್ಣು ಹಾಯಿಸಿ.

“ಅದು ಕುತೂಹಲ. ಇಂಗ್ಲಿಷರಿಗೆ ಮಡಕೆ ಕುಡಿಕೆ ಅಂದ್ರೆ ಕುತೂಹಲ ಜಾಸ್ತಿ.”

ಅತಿಥಿಗಳು ಉಣ್ಣದೆ ಮನೆಯ ಯಜಮಾನ ಉಣ್ಣುವಂತಿಲ್ಲ. ಹೀಗೆ ಮೇಜಿನ ಮೇಲೆ ನಾಲ್ಕು ಖಾಲಿ ತಟ್ಟೆ, ಉಪ್ಪಿನಲ್ಲಿಟ್ಟ ಸೌತೆಕಾಯಿ ಮತ್ತು ಪಾಲಿಂಕಾದ ಬಾಟಲಿ ಮಾತ್ರ ಉಳಿದವು. ಮೇಷ್ಟ್ರು ಎದ್ದು ನಿಂತು, ಕೋಲು ಹಿಡಿದು, ವೃಕ್ಷದ ಬೇರಿನಿಂದ ಶುರುಮಾಡಿದರು. ಯಾರದೋ ಹೊಟ್ಟೆ ಗುಡುಗಿತು, ಎಲ್ಲರೂ ಕಿಟಕಿಯ ಕಡೆ ನೋಡಿದರು. ಸೌತೆಕಾಯಿಗಳು ಒಂದೊಂದಾಗಿ ಮಾಯವಾದವು. ಬರಿಹೊಟ್ಟೆಯಲ್ಲಿ ಮೂರನೆಯ ಪಾಲಿಂಕಾ ಇಳಿಸಿದ ಮೇಯರ್ ಕಣ್ಣು ಕೆಂಪಾಗಿತ್ತು. ಐದನೆಯ ಕೊಂಬೆಯ ಹತ್ತಿರ ಅವರು ಕೈ ಎತ್ತಿದರು.

“ಸಾಕು ಮೇಷ್ಟ್ರೇ. ನಂಗೆ ತೃಪ್ತಿ ಆಯ್ತು. ನಿಮ್ಮ ಇಂಗ್ಲಿಷ್ ವಿಷಯದಲ್ಲಿ ಯಾರೂ ಬೆರಳು ತೋರಿಸೋ ಹಾಗಿಲ್ಲ.”

ಮೇಷ್ಟ್ರು ಕೋಲನ್ನು ಗೋಡೆಗೆ ಒರಗಿಸಿ ಕೋಟು ಸರಿಮಾಡಿಕೊಂಡರು. ಮೇಯರ್ ಗಂಟಲು ಸರಿಪಡಿಸಿಕೊಂಡು ಸಭೆಯ ದನಿಯಲ್ಲಿ ಕೇಳಿದರು:

“ಈ ಚಳಿಗಾಲದ ತರಗತೀನೂ ನೀವೇ ತಗೋತೀರಾ?”

ಕೇಳಿದರು. ಬಾಯಿಬಿಟ್ಟು, ಸಾಕ್ಷಿಗಳ ಎದುರಿಗೇ ಕೇಳಿದರು. ಮೇಷ್ಟ್ರ ಇಡೀ ಜೀವ ಹೂಂ ಎಂದಿತು. ಆದರೆ ನಮ್ಮೂರಲ್ಲಿ ಸರ್ಮಾಲೆಗೆ ಇರುವ ಮರ್ಯಾದೆ ಪದವಿಗೆ ಇಲ್ಲದೆ ಇರುತ್ತದೆಯೇ? ಚರ್ಚಿನ ಹಿರಿಯರಾಗಲಿ, ಬ್ಯಾಂಡಿನ ನಾಯಕನಾಗಲಿ, ಕರೆದ ಕೂಡಲೆ ಬಂದದ್ದನ್ನು ನಾವು ಕಂಡಿಲ್ಲ. ಇದೇ ಮೇಯರ್ ಚುನಾವಣೆಗೆ ನಿಲ್ಲಿ ಎಂದಾಗ ಎರಡು ಸಲ ಆಗದು ಎಂದು, ಮೂರನೆಯ ಸಲ ಜನ ಬರುವುದನ್ನು ಕೋಟು ತೊಟ್ಟು ಗೇಟಿನ ಹಿಂದೆ ನಿಂತು ಕಾದಿದ್ದರು. ಮೇಷ್ಟ್ರ ಬಲಗೈ ತಾನಾಗಿ ಎದೆಯ ಮೇಲೆ ಹೋಯಿತು.

“ಅಯ್ಯೋ, ನಂಗ್ಯಾಕೆ ಬಿಡಿ ಗ್ರಿಗೋರೆ. ವಯಸ್ಸಾಯ್ತು. ಯಾರಾದ್ರೂ ಬೇರೆಯವರಿಗೆ ಕೊಡಿ.”

ಹೇಳಿ, ಮುಖವನ್ನು ಒಂದಿಷ್ಟು ಆಚೆ ತಿರುಗಿಸಿ, ಒತ್ತಾಯಕ್ಕಾಗಿ ಕಿವಿ ತೆರೆದು ನಿಂತರು.

ಮೇಯರ್ ಅಡುಗೆಮನೆಯ ಬಾಗಿಲನ್ನು ನೋಡಿದರು. ಖಾಲಿ ತಟ್ಟೆಯನ್ನು ನೋಡಿದರು. “ಸರಿ ಹಾಗಾದ್ರೆ,” ಎಂದರು. “ಬೇಡ ಅಂದ್ರೆ ಬೇಡ.”

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಮೇಯರ್ ಕುರ್ಚಿಯನ್ನು ಡೆಸ್ಮಂಡ್ ಕಡೆ ತಿರುಗಿಸಿದ್ದರು.

“ಇವರನ್ನ ಒಂದು ಮಾತು ಕೇಳಿ ಮೇಷ್ಟ್ರೇ, ತರಗತಿ ತಗೋತಾರಾ ಅಂತ. ನನ್ನ ಮಾತನ್ನ ಇಂಗ್ಲಿಷಿಗೆ ತಿರುಗಿಸೋಕೆ ನಿಮ್ಮನ್ನ ಬಿಟ್ರೆ ಇನ್ಯಾರಿದಾರೆ?”

ಮೇಷ್ಟ್ರು ತಿರುಗಿಸಿದರು. ವೃತ್ತಿಧರ್ಮ, ತಪ್ಪು ತಿರುಗಿಸಲು ಮನಸ್ಸು ಬರಲಿಲ್ಲ. ಡೆಸ್ಮಂಡ್ ಎದೆಯ ಮೇಲೆ ಕೈಯಿಟ್ಟು, ರೊಮೇನಿಯನ್ನಿನಲ್ಲಿ ಬೇಡ ಎಂದ. ಮೇಷ್ಟ್ರಿಗೆ ಉಸಿರು ಬಂತು.

“ಬೇಡವಂತೆ. ಇಂಗ್ಲಿಷರ ಬೇಡ. ಇನ್ನು ಕೇಳೋ ಹಾಗಿಲ್ಲ.”

“ಅವರು ಬೇಡ ಅಂದಿದ್ದು ನಮ್ಮ ಭಾಷೇಲಿ ಮೇಷ್ಟ್ರೇ,” ಎಂದರು ಮೇಯರ್. “ಇನ್ನೊಂದ್ಸಲ ಕೇಳಿ.”

ಮೇಷ್ಟ್ರು ಇನ್ನೊಂದು ಸಲ ಕೇಳಿದರು. ಡೆಸ್ಮಂಡ್ ಮುಖ ಆಚೆ ತಿರುಗಿಸಿ ಮೆತ್ತಗೆ ಬೇಡ ಎಂದ. ಬಾಗಿಲಲ್ಲಿ ನಿಂತಿದ್ದ ವೆತೂರಿಯಾ, ಶಿಷ್ಯ ಪಾಠ ಒಪ್ಪಿಸುವುದನ್ನು ಕೇಳುವವಳಂತೆ ಸಣ್ಣಗೆ ತಲೆದೂಗಿದಳು. ಮೇಯರ್ ನೊಂದವರಂತೆ ಎರಡೂ ಕೈ ಚಾಚಿ, ಊರಿನ ಪರವಾಗಿ ಬೇಡಿಕೊಳ್ಳುತ್ತೇನೆ ಎಂದರು. ಅದನ್ನೂ ಮೇಷ್ಟ್ರೇ ತಿರುಗಿಸಬೇಕಾಯಿತು. ಬೇಡಿಕೊಳ್ಳುವ ಭಾವ ಅವರ ಇಂಗ್ಲಿಷಿನಲ್ಲಿ ತುಂಬಾ ಚೆನ್ನಾಗಿ ಬಂತು. ಡೆಸ್ಮಂಡ್ ನಿಟ್ಟುಸಿರು ಬಿಟ್ಟ. ನಿಮ್ಮ ಮನಸ್ಸು ನೋಯಬಾರದಲ್ಲ ಎಂದು ರೊಮೇನಿಯನ್ನಿನಲ್ಲೇ ಹೇಳಿ ಮೇಯರ್ ಕೈ ಕುಲುಕಿದ. ಕುಲುಕಿದ ಕೈಯಲ್ಲೇ ತಟ್ಟೆಯನ್ನು ಎತ್ತಿ ಹಿಡಿದ.

ವೆತೂರಿಯಾ ಯಾರ ಸನ್ನೆಗೂ ಕಾಯದೆ ಮಡಕೆ ತಂದಳು. ಡೆಸ್ಮಂಡ್‌ಗೆ ಆರು ಸರ್ಮಾಲೆ ಹಾಕಿದಳು, ಪಕ್ಕಕ್ಕೆ ಮುದ್ದೆ, ಮೇಲೆ ಹುಳಿಕೆನೆ. ಮೇಯರ್ ಮರ್ಯಾದೆ ಕಟ್ಟಿಟ್ಟು ಎರಡೂ ಕೈಯಿಂದ ತಟ್ಟೆ ಒಡ್ಡಿದರು. ಮೇಜಿನ ಸುತ್ತ ಚಮಚಗಳ ಸದ್ದು ಎದ್ದಿತು. ಹೊಸ ಮೇಷ್ಟ್ರು ಬಿಸಿನೀರಿನ ವಾಕ್ಯವನ್ನು ಮೊದಲ ದಿನವೇ ಹೇಳಿಕೊಡಲಿ ಎಂದು ಮೇಯರ್ ಬಾಯಿ ತುಂಬಿಕೊಂಡೇ ಅಪ್ಪಣೆ ಕೊಟ್ಟರು.

ಆಮೇಲೆ ಆಕೆ ಗಂಡನ ಹತ್ತಿರ ಬಂದು ನಿಂತಳು. ಮದುವೆಯಾದಾಗಿನಿಂದ ಮೇಷ್ಟ್ರು ಎಷ್ಟೋ ಸಲ ಮುನಿಸಿಕೊಂಡಿದ್ದರು, ಎಷ್ಟೋ ಸಲ ಊಟ ಬೇಡ ಎಂದಿದ್ದರು. ಪ್ರತಿ ಸಲವೂ ವೆತೂರಿಯಾ ರಮಿಸಿ, ಗದರಿಸಿ, ಕೊನೆಗೆ ತಟ್ಟೆ ತುಂಬ ಹಾಕಿಯೇ ಬಿಡುತ್ತಿದ್ದಳು. ಆ ಒಂದು ಭರವಸೆ ಅವರಿಗೆ ಇನ್ನೂ ಇತ್ತು. ಗೆಟ್ ವೃಕ್ಷಕ್ಕೆ ಬೆನ್ನು ಕೊಟ್ಟು, ಗಲ್ಲ ಉಬ್ಬಿಸಿಕೊಂಡು ಅವರು ಹೇಳಿದರು:

“ನಂಗೆ ಬೇಡ.”

ವೆತೂರಿಯಾ ಒಂದು ಕ್ಷಣ ಅವರನ್ನು ನೋಡಿದಳು, ಅವರ ಹಿಂದೆ ತೂಗುತ್ತಿದ್ದ ಹಾಸುವಸ್ತ್ರವನ್ನೂ ನೋಡಿದಳು. ಆಮೇಲೆ ಮಡಕೆಯನ್ನು ಹಿಲರಿಯ ಕಡೆ ತಿರುಗಿಸಿದಳು.